ವೈದ್ಯ ಮಂಡಳಿಯ ಮುಂದೆ ಹೋಗುವ ಮುನ್ನ



ಮುಂಗಾರು ಹಿಡಿಯಿತೆಂದರೆ ಅಡಿಕೆ ತೋಟದವನಿಗೆ ಕೊಳೆರೋಗದ ಚಿಂತೆ. ಮೈಲುತುತ್ತ, ಸುಣ್ಣ ಹೊಂದಿಸಿ, ಕೊನೆಗಾರನ ಮನೆಬಾಗಿಲಿಗೆ ನಾಲ್ಕು ಸಲ ಅಲೆದು ದಿನ ಗೊತ್ತುಮಾಡಿಕೊಂಡು ಬರುವಷ್ಟರಲ್ಲಿ ಅರ್ಧ ಆಷಾಢ ಕಳೆದಿರುತ್ತದೆ. ಕಾಫಿ ತೋಟದವನಿಗೆ ಮರಗಸಿಯ ಕೆಲಸ; ಕಾಳುಮೆಣಸು ಕೊಯ್ಯುವ ಕಾಲಕ್ಕೆ ಸಿಲ್ವರ್ ಮರಕ್ಕೆ ಒರಗಿಸಿದ ಏಣಿಯ ಕೆಲಸ. ಒಟ್ಟಿನಲ್ಲಿ ಮರ ಹತ್ತದೆ ನಮ್ಮ ಬೆಳೆ ಕೈಗೆ ಬರುವುದಿಲ್ಲ. ಹತ್ತಿದವರೆಲ್ಲರೂ ಕ್ಷೇಮವಾಗಿ ಇಳಿದು ಬರುತ್ತಾರೆಂಬ ಭರವಸೆಯೂ ಇಲ್ಲ.

ಬಿದ್ದವರನ್ನು ಎತ್ತಿಕೊಂಡು ಆಸ್ಪತ್ರೆಗೆ ಓಡುವುದರಲ್ಲಿ ನಮ್ಮ ಕಡೆಯವರು ಹಿಂದುಳಿದವರಲ್ಲ. ಜೀಪು ಯಾರದ್ದು, ಹಣ ಯಾರದ್ದು ಎಂದು ಆ ಹೊತ್ತಿನಲ್ಲಿ ಯಾರೂ ಕೇಳುವುದಿಲ್ಲ. ಆದರೆ ಗಾಯ ಮಾಗಿ, ತಿಂಗಳುಗಳು ಕಳೆದ ಮೇಲೆ ಇನ್ನೊಂದು ಪರೀಕ್ಷೆ ಬರುತ್ತದೆ. ಚಿಕಿತ್ಸೆ ಮಾಡದ, ಹಿಂದೆ ಎಂದೂ ನೋಡದ ಒಬ್ಬ ಡಾಕ್ಟರು, ಅಥವಾ ಮೂರು ಜನ ಡಾಕ್ಟರುಗಳ ಒಂದು ಮಂಡಳಿ, ಈ ಮನುಷ್ಯ ಎಷ್ಟು ಕಳೆದುಕೊಂಡಿದ್ದಾನೆ ಎಂಬುದನ್ನು ನೂರಕ್ಕೆ ಇಷ್ಟು ಎಂದು ಬರೆದುಕೊಡುವ ಪರೀಕ್ಷೆ ಅದು. ಮುಂದಿನ ಜೀವನದ ಅರ್ಧ ಆ ಒಂದು ಅಂಕಿಯ ಮೇಲೆ ನಿಂತಿರುತ್ತದೆ. ಅದಕ್ಕೆ ಮಾತ್ರ ನಾವು ಯಾರೂ ಸಿದ್ಧತೆ ಮಾಡಿಕೊಂಡು ಹೋಗುವುದಿಲ್ಲ.

ನಮ್ಮ ತೋಟದಲ್ಲಿ ನಡೆದದ್ದು

ಕೆಲವು ವರ್ಷಗಳ ಹಿಂದೆ ನಮ್ಮ ತೋಟದಲ್ಲೇ ಎರಡನೆಯ ಔಷಧಿ ಹೊಡೆಯುವಾಗ ಕೊನೆಗಾರನೊಬ್ಬ ಜಾರಿ ಬಿದ್ದ. ಕಾಲೂರಿಕೊಂಡೇ ಬಿದ್ದದ್ದರಿಂದ ಪ್ರಾಣಕ್ಕೆ ಅಪಾಯವಾಗಲಿಲ್ಲ. ಬಲಗಾಲಿನ ಹಿಮ್ಮಡಿ ಮೂಳೆ ಚೂರಾಗಿತ್ತು. ಆಪರೇಷನ್ ಆಯಿತು, ಮನೆಗೆ ಬಂದ, ಕೋಲು ಹಿಡಿದು ನಡೆದ, ಆಮೇಲೆ ಕೋಲನ್ನೂ ಬಿಟ್ಟ. ನಮ್ಮ ಬಳಿ ವಿಮಾ ಪಾಲಿಸಿ ಇತ್ತು. ಪರಿಹಾರ ನಿರ್ಧಾರವಾಗಲು ವೈದ್ಯಕೀಯ ಪ್ರಮಾಣಪತ್ರ ಬೇಕೆಂದು ಕಂಪೆನಿಯಿಂದ ಕಾಗದ ಬಂತು. ಗೊತ್ತಾದ ದಿನ ಬೆಳಗಿನ ಮೊದಲ ಬಸ್ಸಿಗೆ ಅವನನ್ನು ಕರೆದುಕೊಂಡು ನಾವೇ ಹೋದೆವು.

ಒಳಗೆ ಕಳೆದದ್ದು ಹತ್ತು ನಿಮಿಷವೂ ಇರಲಿಕ್ಕಿಲ್ಲ. "ಈಗ ಹೇಗಿದ್ದೀಯಪ್ಪಾ?" ಎಂದು ಡಾಕ್ಟರು ಕೇಳಿದರು. "ನಿಮ್ಮ ದಯದಿಂದ ಪರವಾಗಿಲ್ಲ ಸ್ವಾಮಿ" ಎಂದ. "ನಡೀತೀಯಾ?" "ನಡೀತೀನಿ." "ಕೆಲಸ ಮಾಡ್ತೀಯಾ?" "ಏನೋ ಕೈಲಾದ್ದು ಮಾಡ್ತೀನಿ." ಎಕ್ಸ್‌ರೇ ಕೇಳಿದಾಗ ಚೀಲದಿಂದ ತೆಗೆದುಕೊಟ್ಟ. ಒಲೆಯ ಮೇಲಿನ ಅಟ್ಟದಲ್ಲಿ ಇಟ್ಟಿದ್ದ ಆ ಫಿಲ್ಮುಗಳು ಹೊಗೆ ಹಿಡಿದು ಒಂದಕ್ಕೊಂದು ಅಂಟಿಕೊಂಡಿದ್ದವು. ಪ್ರಮಾಣಪತ್ರದಲ್ಲಿ ಬಂದದ್ದು ನೂರಕ್ಕೆ ಹನ್ನೆರಡು.

ಡಾಕ್ಟರು ಅನ್ಯಾಯ ಮಾಡಿದರೆಂದು ನಾವು ಹೇಳುವುದಿಲ್ಲ. ಕಣ್ಣಿಗೆ ಕಂಡದ್ದನ್ನು, ಕಿವಿಗೆ ಕೇಳಿದ್ದನ್ನು ಅವರು ಬರೆದರು. ಹೇಳದೆ ಉಳಿದದ್ದು ಬೇರೆಯೇ ಇತ್ತು. ಬೆಳಿಗ್ಗೆ ಎದ್ದು ಹತ್ತು ಹೆಜ್ಜೆ ಗೋಡೆ ಹಿಡಿದೇ ನಡೆಯಬೇಕು. ಕುಕ್ಕರುಗಾಲಿನಲ್ಲಿ ಕೂರಲಾಗದು, ಬಯಲ ಕಡೆಗೆ ಹೋಗುವುದೇ ಕಷ್ಟ. ತೋಟದ ಇಳಿಜಾರಿನಲ್ಲಿ ಹೊರೆ ಹೊತ್ತು ಇಳಿಯಲಾಗದು. ತಳೆಯಲ್ಲಿ ಆ ಪಾದವನ್ನು ಒತ್ತಿ ನಿಲ್ಲುವ ಮಾತಂತೂ ದೂರವೇ ಉಳಿಯಿತು. ಹದಿನೆಂಟನೆಯ ವಯಸ್ಸಿನಿಂದ ಮರ ಹತ್ತಿ ಬದುಕಿದವನು ಇನ್ನು ಮರ ಹತ್ತಲಾರ ಎಂಬ ಒಂದು ವಾಕ್ಯ ಆ ಕೋಣೆಯಲ್ಲಿ ಯಾರ ಬಾಯಿಂದಲೂ ಬರಲಿಲ್ಲ.

ಹಿಂದಿರುಗುವಾಗ ಬಸ್ಸಿನಲ್ಲಿ, "ಅಲ್ಲ ಮಾರಾಯಾ, ಯಾಕೆ ಹಾಗಂದೆ?" ಎಂದು ಕೇಳಿದೆವು. ಸ್ವಲ್ಪ ಹೊತ್ತು ಕಿಟಕಿಯಾಚೆ ನೋಡಿ, "ದೊಡ್ಡೋರ ಹತ್ರ ಗೋಳು ಹೇಳ್ಕೊಂಡು ನಿಂತ್ಕೊಳ್ಳೋದು ಹ್ಯಾಂಗಯ್ಯಾ? ಎದುರಿಗೆ ನೀವೂ ಇದ್ರಿ" ಎಂದ.

ಆ ಮಾತು ನಮಗೆ ಇಂದಿಗೂ ಮರೆತಿಲ್ಲ. ಪರಿಹಾರ ಕೊಡಬೇಕಾದ ಧಣಿಯೇ ಪಕ್ಕದಲ್ಲಿ ನಿಂತಿದ್ದರೆ ಕೆಲಸದವನು ಏನು ಹೇಳಿಯಾನು? ನೆರವಿಗೆಂದು ಹೋದ ನಾವು ಅವನ ಬಾಯಿಗೆ ಬೀಗವಾಗಿದ್ದೆವು.

ಪ್ರಶ್ನೆ ಒಂದಲ್ಲ, ಮೂರು

ಪರೀಕ್ಷೆಗೆ ಕರೆ ಬಂದಾಗ ಮೊದಲು ತಿಳಿಯಬೇಕಾದದ್ದು, ಕರೆದವರು ಯಾರು ಮತ್ತು ಅವರು ತಿಳಿಯಬಯಸುವುದೇನು ಎಂಬುದು. ಎಲ್ಲ ಪರೀಕ್ಷೆಯೂ ಒಂದೇ ಎಂದು ತಿಳಿಯುವುದರಿಂದಲೇ ಅರ್ಧ ತೊಂದರೆ.

ಮೊದಲನೆಯದು ಅಂಗವಿಕಲತೆಯ ಪ್ರಮಾಣಪತ್ರ. ಇದು 2016ರ ವಿಕಲಚೇತನರ ಹಕ್ಕುಗಳ ಕಾಯಿದೆಯ ಪ್ರಕಾರ ಸರ್ಕಾರಿ ವೈದ್ಯಾಧಿಕಾರಿಗಳು ಕೊಡುವಂಥದು. ಇದರಲ್ಲಿ ಕೇಳುವ ಪ್ರಶ್ನೆ, ದೇಹಕ್ಕೆ ಶಾಶ್ವತವಾಗಿ ಆಗಿರುವ ಊನ ಎಷ್ಟು ಎಂಬುದು. ನೂರಕ್ಕೆ ನಲವತ್ತು ಮುಟ್ಟಿದರೆ ಮಾತ್ರ ಹೆಚ್ಚಿನ ಸೌಲಭ್ಯಗಳು ದೊರೆಯುತ್ತವೆ.

ಎರಡನೆಯದು ಕೆಲಸದ ವೇಳೆಯ ಅಪಘಾತಕ್ಕೆ ಧಣಿ ಕೊಡಬೇಕಾದ ಪರಿಹಾರ. ಇದಕ್ಕೆ ಬಹುಕಾಲ 1923ರ ಪರಿಹಾರ ಕಾಯಿದೆ ಆಧಾರವಾಗಿತ್ತು. 2025ರ ನವೆಂಬರ್ 21ರಿಂದ 2020ರ ಸಾಮಾಜಿಕ ಭದ್ರತಾ ಸಂಹಿತೆ ಜಾರಿಗೆ ಬಂದು ಆ ವಿಷಯವೆಲ್ಲ ಅದರೊಳಗೆ ಸೇರಿದೆ. ಬೇಸಾಯದ ಕೆಲಸದವರೂ ಇದರ ವ್ಯಾಪ್ತಿಗೆ ಬರುತ್ತಾರೆ. ಇಲ್ಲಿ ಕೇಳುವ ಪ್ರಶ್ನೆ, ದುಡಿದು ಗಳಿಸುವ ಶಕ್ತಿ ಎಷ್ಟು ಕುಂದಿತು ಎಂಬುದು. ಹೆಬ್ಬೆರಳು ಹೋದರೆ ನೂರಕ್ಕೆ 30, ಒಂದು ಕೈಯ ನಾಲ್ಕು ಬೆರಳೂ ಹೋದರೆ 50, ಹೀಗೆ ಕೆಲವು ಗಾಯಗಳಿಗೆ ಪಟ್ಟಿಯಲ್ಲೇ ಅಂಕಿ ಹಾಕಿಟ್ಟಿದೆ. ಮುರಿದು ಕೂಡಿದ ಹಿಮ್ಮಡಿಯಂತಹ, ಪಟ್ಟಿಯಲ್ಲಿಲ್ಲದ ಗಾಯಕ್ಕೆ ಅರ್ಹ ವೈದ್ಯರು ನೋಡಿ ಅಂದಾಜು ಮಾಡಬೇಕು.

ಮೂರನೆಯದು ವಿಮೆ. 2015ರಲ್ಲಿ ಆರಂಭವಾದ ಪ್ರಧಾನ ಮಂತ್ರಿ ಸುರಕ್ಷಾ ಬಿಮಾ ಯೋಜನೆಯಲ್ಲಿ ವರ್ಷಕ್ಕೆ 20 ರೂಪಾಯಿ ಕಂತು. ಅಪಘಾತದಲ್ಲಿ ಮರಣವಾದರೆ, ಇಲ್ಲವೆ ಎರಡು ಕಣ್ಣು, ಎರಡು ಕೈ ಅಥವಾ ಎರಡು ಕಾಲು ಪೂರ್ತಿಯಾಗಿ ಹೋದರೆ 2 ಲಕ್ಷ. ಒಂದು ಕಣ್ಣು, ಒಂದು ಕೈ ಅಥವಾ ಒಂದು ಕಾಲು ಪೂರ್ತಿ ಹೋದರೆ 1 ಲಕ್ಷ. ಮುರಿದು ಕೂಡಿದ ಕಾಲಿಗೆ ಅದರಲ್ಲಿ ಹಣವಿಲ್ಲ. ಖಾಸಗಿ ಅಪಘಾತ ಪಾಲಿಸಿಗಳ ಷರತ್ತು ಒಂದೊಂದರದು ಒಂದೊಂದು ಬಗೆ; ಹೋಗುವ ಮುನ್ನ ಓದಿಸಿ ಕೇಳಿಕೊಳ್ಳುವುದು ಲೇಸು.

ಇಲ್ಲಿ ಸಣ್ಣ ಬೆಳೆಗಾರರಿಗೆ ಒಂದು ಎಚ್ಚರಿಕೆಯ ಮಾತು. ತನ್ನ ಮರವನ್ನು ತಾನೇ ಹತ್ತಿ ಬಿದ್ದ ಸದಸ್ಯನಿಗೆ ಧಣಿ ಎಂಬವನಿಲ್ಲ. ಎರಡನೆಯ ದಾರಿ ಅವನಿಗೆ ತೆರೆಯದು. ಮೊದಲನೆಯದು ಮತ್ತು ಮೂರನೆಯದೇ ಅವನ ಪಾಲಿಗೆ ಉಳಿದವು. ಆದುದರಿಂದ 20 ರೂಪಾಯಿಯ ಕಂತನ್ನು ಉದಾಸೀನ ಮಾಡತಕ್ಕದ್ದಲ್ಲ.

ಪಟ್ಟಿಯಲ್ಲಿ ಮರ ಹತ್ತುವುದು ಇಲ್ಲ

ಅಂಗವಿಕಲತೆಯ ಪ್ರಮಾಣ ಅಳೆಯಲು ಸರ್ಕಾರದ ಮಾರ್ಗಸೂಚಿ ಇದೆ. ಕೀಲು ಎಷ್ಟು ಮಡಿಚುತ್ತದೆಂದು ಕೋನ ಅಳೆಯುತ್ತಾರೆ. ಸ್ನಾಯುವಿನ ಬಲ ನೋಡುತ್ತಾರೆ. ನಿತ್ಯದ ಕೆಲಸಗಳನ್ನು ಮಾಡಿಸಿ ನೋಡುತ್ತಾರೆ. ಕೈಗಾದರೆ ತಲೆಯ ಮೇಲಿನ ವಸ್ತು ಎತ್ತಿಡುವುದು, ಮೂಗು ಮುಟ್ಟುವುದು, ಕೈಯಿಂದ ಉಣ್ಣುವುದು, ತಲೆ ಬಾಚುವುದು, ಅಂಗಿ ತೊಡುವುದು, ಗುಂಡಿ ಹಾಕುವುದು, ಪಂಚೆ ಕಟ್ಟುವುದು, ನೀರು ಕುಡಿಯುವುದು, ಶೌಚ, ಬರೆಯುವುದು ಹೀಗೆ ಹತ್ತು ಕೆಲಸ. ಕಾಲಿಗಾದರೆ ಸಮನೆಲದಲ್ಲಿ ಮತ್ತು ಇಳಿಜಾರಿನಲ್ಲಿ ನಡೆಯುವುದು, ಮೆಟ್ಟಿಲು ಹತ್ತುವುದು, ಪೆಟ್ಟಾದ ಒಂದೇ ಕಾಲಿನ ಮೇಲೆ ನಿಲ್ಲುವುದು, ಕುಕ್ಕರುಗಾಲಿನಲ್ಲಿ ಕೂರುವುದು, ಚಕ್ಕಳಮಕ್ಕಳ ಹಾಕುವುದು, ಮೊಣಕಾಲೂರುವುದು ಮುಂತಾದವು.

ಓದುಗರು ಗಮನಿಸಬೇಕು: ಈ ಪಟ್ಟಿಯಲ್ಲಿ ಅಡಿಕೆ ಮರ ಹತ್ತುವುದು ಇಲ್ಲ. ಏಣಿಯ ತುದಿಯಲ್ಲಿ ನಿಂತು ಮೆಣಸು ಕೊಯ್ಯುವುದೂ ಇಲ್ಲ. ಊನದ ಲೆಕ್ಕಕ್ಕೆ ಅದು ಬೇಕಾಗಿಲ್ಲ. ಗಳಿಕೆಯ ಲೆಕ್ಕಕ್ಕೆ ಅದೇ ಮುಖ್ಯ. ಮೊದಲನೆಯ ಅಂಕಿಯನ್ನೇ ಎರಡನೆಯದಕ್ಕೂ ಒಪ್ಪಿಕೊಂಡು ಬಂದವರು ನಷ್ಟಪಡುತ್ತಾರೆ.

1975ರಲ್ಲಿ ಸುಪ್ರೀಂ ಕೋರ್ಟಿನ ಮುಂದೆ ಒಬ್ಬ ಬಡಗಿಯ ಪ್ರಕರಣ ಬಂದಿತ್ತು. ಕೆಲಸದಲ್ಲಿ ಬಿದ್ದು ಅವನ ಎಡಗೈಯನ್ನು ಮೊಣಕೈಯ ಮೇಲಕ್ಕೆ ತೆಗೆಯಬೇಕಾಯಿತು. ಪಟ್ಟಿಯ ಲೆಕ್ಕದಲ್ಲಿ ಅದು ಪೂರ್ತಿ ನೂರಾಗುತ್ತಿರಲಿಲ್ಲ. ಆದರೆ ಒಂದೇ ಕೈಯಲ್ಲಿ ಬಡಗಿ ಕೆಲಸ ನಡೆಯುವುದಿಲ್ಲ; ಆದ್ದರಿಂದ ಅವನ ನಷ್ಟ ನೂರಕ್ಕೆ ನೂರು ಎಂಬ ತೀರ್ಮಾನವನ್ನು ಕೋರ್ಟು ಎತ್ತಿಹಿಡಿಯಿತು. ಮುಂದೆ 2010ರಲ್ಲಿ ವಾಹನ ಅಪಘಾತದ ಇನ್ನೊಂದು ಪ್ರಕರಣದಲ್ಲಿ, ಊನದ ಪ್ರಮಾಣವೇ ಬೇರೆ, ಅದರಿಂದಾಗುವ ಗಳಿಕೆಯ ನಷ್ಟವೇ ಬೇರೆ ಎಂದು ಅದೇ ನ್ಯಾಯಾಲಯ ವಿವರವಾಗಿ ಹೇಳಿದೆ. ಬಡಗಿಗೆ ಸಲ್ಲುವ ನ್ಯಾಯ ಕೊನೆಗಾರನಿಗೂ ಸಲ್ಲಬೇಕಾದದ್ದೇ. ಆದರೆ ಅವನ ಕೆಲಸವೇನೆಂದು ಯಾರಾದರೂ ಹೇಳಿದರೆ ತಾನೆ?

ಒಂದೊಂದು ಅಂಕಿಯ ಬೆಲೆ ನೋಡಿ. ಶಾಶ್ವತ ಪೂರ್ಣ ಅಸಾಮರ್ಥ್ಯಕ್ಕೆ ತಿಂಗಳ ಕೂಲಿಯ ನೂರಕ್ಕೆ 60 ಭಾಗವನ್ನು ವಯಸ್ಸಿಗೆ ತಕ್ಕ ಗುಣಕದಿಂದ ಗುಣಿಸುತ್ತಾರೆ. 40 ವರ್ಷದವನಿಗೆ ಆ ಗುಣಕ 184.17. ಕೂಲಿ ತಿಂಗಳಿಗೆ 12,000 ರೂ. ಎಂದಿಟ್ಟುಕೊಂಡರೆ ಮೊತ್ತ 13,26,024 ರೂ. ಭಾಗಶಃ ನಷ್ಟಕ್ಕೆ ಇದರಲ್ಲಿ ನೂರಕ್ಕೆ ಇಷ್ಟು ಭಾಗ. ಅಂದರೆ ಒಂದು ಅಂಕಿಗೆ 13,260 ರೂಪಾಯಿ. ಸಂಕೋಚಕ್ಕೆ ಆಡಿದ ಒಂದು "ಪರವಾಗಿಲ್ಲ ಸ್ವಾಮಿ" ಎಷ್ಟು ದುಬಾರಿಯೆಂದು ಇದರಿಂದ ತಿಳಿಯಬಹುದು.

ಹೋಗುವ ಮುನ್ನ

1. ದಿನ ಬಂದ ಕೂಡಲೇ ಓಡಬೇಡಿ. ಬಂದ ದಿನವನ್ನು ತಪ್ಪಿಸಲೂ ಬೇಡಿ. ಚಿಕಿತ್ಸೆ ಮುಗಿದು ಸ್ಥಿತಿ ಒಂದು ಹದಕ್ಕೆ ನಿಂತ ಮೇಲೆಯೇ ಶಾಶ್ವತ ಊನವನ್ನು ಅಳೆಯಲು ಸಾಧ್ಯ. ಇನ್ನೊಂದು ಆಪರೇಷನ್ ಬಾಕಿಯಿದ್ದರೆ ಅದನ್ನು ಬರಹದಲ್ಲಿ ತಿಳಿಸಿರಿ. ಧಣಿಗೆ ಅಪಘಾತದ ನೋಟೀಸು ತಲುಪಿದ ಮೂರು ದಿನದೊಳಗೆ ಅವನು ತನ್ನ ಖರ್ಚಿನಲ್ಲಿ ಡಾಕ್ಟರಿಂದ ಪರೀಕ್ಷೆ ಮಾಡಿಸುವೆನೆಂದರೆ ಕೆಲಸದವನು ಒಪ್ಪಬೇಕು. ಕಾರಣವಿಲ್ಲದೆ ನಿರಾಕರಿಸಿದರೆ ಪರಿಹಾರದ ಹಕ್ಕು ಅಲ್ಲಿಗೆ ತಡೆಹಿಡಿಯಲ್ಪಡುತ್ತದೆ.

2. ಕಾಗದಗಳನ್ನು ತಾರೀಖಿನ ಕ್ರಮದಲ್ಲಿ ಜೋಡಿಸಿರಿ. ಮೊದಲ ದಿನದ ಆಸ್ಪತ್ರೆಯ ಚೀಟಿ, ಗಾಯದ ಪ್ರಮಾಣಪತ್ರ, ಡಿಸ್ಚಾರ್ಜ್ ಸಾರಾಂಶ, ಆಪರೇಷನ್ನಿನ ವಿವರ, ಹಳೆಯ ಮತ್ತು ಹೊಸ ಎಕ್ಸ್‌ರೇ, ಔಷಧಿ ಚೀಟಿಗಳು, ಆಧಾರ್, ಕೂಲಿಯ ಲೆಕ್ಕ. ಮೂಲ ಪ್ರತಿ ಕೈಯಲ್ಲಿರಲಿ, ನೆರಳಚ್ಚು ಪ್ರತಿ ಕೊಡಿರಿ. ಎಕ್ಸ್‌ರೇಯನ್ನು ಅಟ್ಟದಲ್ಲಿ ಇಡಬೇಡಿ. ನಮ್ಮ ಮಳೆ ಮತ್ತು ಹೊಗೆ ಎರಡೂ ಅದಕ್ಕೆ ಶತ್ರು.

3. ಮೊದಲ ದಿನದ ಚೀಟಿಯಲ್ಲಿ ಎಲ್ಲ ನೋವೂ ಬರೆಸಿರಬೇಕು. ಎತ್ತರದಿಂದ ಕಾಲೂರಿ ಬಿದ್ದವರಿಗೆ ಹಿಮ್ಮಡಿಯ ಜೊತೆಗೆ ಬೆನ್ನುಮೂಳೆಗೂ ಪೆಟ್ಟಾಗುವುದುಂಟು. ಕಾಲಿನ ನೋವಿನ ಭರದಲ್ಲಿ ಸೊಂಟದ ನೋವನ್ನು ಹೇಳದೆ ಬಿಟ್ಟರೆ, ವರ್ಷದ ಮೇಲೆ "ಇದು ಆಗ ಇರಲಿಲ್ಲವಲ್ಲ" ಎಂಬ ಮಾತು ಬರುತ್ತದೆ.

4. ಎರಡು ವಾರ ಮೊದಲೇ ಬರೆದಿಡಲು ಆರಂಭಿಸಿ. ಎಷ್ಟು ಹೊತ್ತು ನಿಲ್ಲಲಾಯಿತು, ಎಷ್ಟು ದೂರ ನಡೆಯಲಾಯಿತು, ಯಾವ ಕೆಲಸ ಅರ್ಧಕ್ಕೆ ಬಿಟ್ಟಿತು, ರಾತ್ರಿ ನಿದ್ರೆ ಬಂತೇ. ಸಂಘದ ಕ್ಯಾಲೆಂಡರಿನ ಮೂಲೆಯಲ್ಲಿ ಬರೆದರೂ ಸಾಕು. ಓದು ಬಾರದವರಿಗೆ ಮನೆಯ ಮಕ್ಕಳು ಬರೆದುಕೊಡಲಿ.

5. ಮಾಡುತ್ತಿದ್ದ ಕೆಲಸದ ವಿವರವನ್ನು ಒಂದು ಹಾಳೆಯಲ್ಲಿ ಬರೆದು ಒಯ್ಯಿರಿ. "ಕೂಲಿ" ಎಂದಷ್ಟೇ ಬರೆದರೆ ಡಾಕ್ಟರಿಗೆ ಏನೂ ತಿಳಿಯದು. ದಿನಕ್ಕೆ ಎಷ್ಟು ಮರ, ಎಷ್ಟು ಎತ್ತರ, ಪಾದ ಎಲ್ಲಿ ಒತ್ತುತ್ತದೆ, ಹೊರೆ ಎಷ್ಟು ಎಂಬುದಿರಲಿ. ಪೇಟೆಯಲ್ಲಿ ಬೆಳೆದ ಡಾಕ್ಟರು ಕೊನೆಗಾರನನ್ನು ಎಂದೂ ನೋಡಿರಲಿಕ್ಕಿಲ್ಲ.

6. ಅಂಗವಿಕಲತೆಯ ಕಾರ್ಡಿಗೆ ಅರ್ಜಿ ಈಗ ಗಣಕಯಂತ್ರದ ಮೂಲಕ. ಗ್ರಾಮ ಪಂಚಾಯತಿಯಲ್ಲಿರುವ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರನ್ನು ಕಂಡರೆ ಅರ್ಜಿ ಹಾಕಲು ಮತ್ತು ಆಸ್ಪತ್ರೆಯಲ್ಲಿ ಪರೀಕ್ಷೆಯ ದಿನ ತಿಳಿಯಲು ನೆರವಾಗುತ್ತಾರೆ.

ಆ ದಿನ, ಆ ಕೋಣೆಯಲ್ಲಿ

ಹೊಟ್ಟೆಗೆ ತಿಂದು, ನಿತ್ಯದ ಮಾತ್ರೆಯನ್ನು ನಿತ್ಯದಂತೆಯೇ ತೆಗೆದುಕೊಂಡು ಹೋಗಿರಿ. ನೋವಿನ ಮಾತ್ರೆ ನುಂಗಿದ್ದರೆ ಎಷ್ಟು ಹೊತ್ತಿಗೆ ಎಂಬುದನ್ನು ಹೇಳಿರಿ. ಸಡಿಲ ಬಟ್ಟೆ ಇರಲಿ. ನಿತ್ಯ ಕೋಲು ಹಿಡಿಯುವವರು ಆ ದಿನ ಮರ್ಯಾದೆಗೆಂದು ಕೋಲು ಬಿಟ್ಟು ಹೋಗಬಾರದು. ನಿತ್ಯ ಹಿಡಿಯದವರು ಆ ದಿನಕ್ಕೆಂದು ಹಿಡಿಯಲೂಬಾರದು.

ಈ ಡಾಕ್ಟರು ಔಷಧಿ ಬರೆಯಲು ಕುಳಿತವರಲ್ಲ. ಸಮಾಧಾನದ ಮಾತು ಬರಲಿಲ್ಲವೆಂದು ಬೇಸರಪಡಬೇಕಾಗಿಲ್ಲ. "ಹೇಗಿದ್ದೀರಿ" ಎಂದು ಅವರು ಕೇಳಿದರೆ ಅದು ಕುಶಲಪ್ರಶ್ನೆಯಲ್ಲ, ಪರೀಕ್ಷೆಯ ಮೊದಲ ಪ್ರಶ್ನೆ. ಅದಕ್ಕೆ ಕುಶಲೋತ್ತರ ಕೊಡಬಾರದು. "ಒಂದು ಫರ್ಲಾಂಗು ನಡೆದರೆ ನಿಲ್ಲಬೇಕಾಗುತ್ತದೆ, ವಾರದಲ್ಲಿ ಮೂರು ದಿನ ಬೆಳಿಗ್ಗೆ ಕಾಲೂರಲಾಗುವುದಿಲ್ಲ" ಎಂದು ಅಳತೆಯಿಟ್ಟು ಹೇಳಿರಿ. "ಏನೋ ಮಾಡ್ತೀನಿ" ಎಂಬುದು ಉತ್ತರವಲ್ಲ. ಯಾವುದನ್ನು ಮಾಡುತ್ತೀರಿ, ಎಷ್ಟು ಹೊತ್ತು, ಮಾಡಿದ ಮಾರನೆಯ ದಿನ ಏನಾಗುತ್ತದೆ ಎಂಬುದೇ ಉತ್ತರ.

ಇದನ್ನು ಹೇಳುವಾಗಲೇ ಇನ್ನೊಂದು ಮಾತನ್ನೂ ಹೇಳಬೇಕು. ಹೆಚ್ಚು ಮಾಡಿ ಹೇಳಬೇಡಿ. ನೀವು ಬಾಗಿಲಲ್ಲಿ ನಡೆದು ಬಂದದ್ದನ್ನು, ಅಂಗಿ ಬಿಚ್ಚಿದ್ದನ್ನು, ಮೇಜು ಹತ್ತಿದ್ದನ್ನು ಡಾಕ್ಟರು ನೋಡಿಯೇ ಇರುತ್ತಾರೆ. ಒಂದು ಸುಳ್ಳು ಸಿಕ್ಕಿದರೆ ಹತ್ತು ನಿಜವೂ ನೀರುಪಾಲು. ಆಗುವುದನ್ನು ಆಗುತ್ತದೆಂದೂ ಆಗದ್ದನ್ನು ಆಗದೆಂದೂ ಹೇಳಿದರೆ ಮುಗಿಯಿತು. ಹಳೆಯ ನೋವೇನಾದರೂ ಇದ್ದರೆ ಅದನ್ನೂ ಮುಚ್ಚಿಡಬೇಡಿ.

ಜೊತೆಗೆ ಹೆಂಡತಿಯೋ ಮಗನೋ ಅಣ್ಣತಮ್ಮಂದಿರೋ ಇರಲಿ. ರಾತ್ರಿಯ ನರಳಾಟ ಮನೆಯವರಿಗೆ ಗೊತ್ತಿರುವಷ್ಟು ನರಳಿದವನಿಗೂ ಗೊತ್ತಿರುವುದಿಲ್ಲ. ಹೆಂಗಸರ ಜೊತೆಗೆ ಹೆಂಗಸರೇ ಹೋಗುವುದು ಒಳ್ಳೆಯದು. ಅಸ್ಸಾಮಿನಿಂದಲೋ ಬಯಲುಸೀಮೆಯಿಂದಲೋ ಬಂದು ತೋಟದಲ್ಲಿ ದುಡಿಯುವವರು ಇದ್ದರೆ ಅವರ ಮಾತು ಬಲ್ಲವರೊಬ್ಬರನ್ನು ಕಳಿಸುವುದು ನಮ್ಮ ಕರ್ತವ್ಯ.

ಹೊರಬರುವಾಗ ಪ್ರಮಾಣಪತ್ರದ ಪ್ರತಿ ಕೇಳಿ ಪಡೆಯಿರಿ. ಹೆಸರು, ವಯಸ್ಸು, ಎಡ ಬಲ ಸರಿಯಿದೆಯೇ ನೋಡಿರಿ. ಅಂಗವಿಕಲತೆಯ ಪ್ರಮಾಣಪತ್ರ ಒಪ್ಪಿಗೆಯಾಗದಿದ್ದರೆ ಮೇಲ್ಮನವಿಗೆ 2016ರ ಕಾಯಿದೆಯಲ್ಲೇ ಅವಕಾಶವಿದೆ. ಪರಿಹಾರದ ವಿಷಯದಲ್ಲಿ ಡಾಕ್ಟರ ಅಂಕಿಯನ್ನು ಪ್ರಶ್ನಿಸಿ, ಕೆಲಸದ ಸ್ವರೂಪವನ್ನು ನಿರ್ಣಯಿಸುವ ಅಧಿಕಾರಿಯ ಮುಂದಿಡಬಹುದು.

ಧಣಿಗಳಾದ ನಮಗೆ

ನಮ್ಮ ಕೊನೆಗಾರನ ವಿಷಯ ಮುಗಿಸುತ್ತೇವೆ. ತಕರಾರು ಸಲ್ಲಿಸಿ ಮರುಪರೀಕ್ಷೆ ಮಾಡಿಸಿದೆವು. ಈ ಸಲ ಹೊಸ ಎಕ್ಸ್‌ರೇ ಇತ್ತು, ಕೆಲಸದ ವಿವರದ ಹಾಳೆಗೆ ನಾವೇ ರುಜು ಹಾಕಿ ಕೊಟ್ಟಿದ್ದೆವು. ಒಳಗೆ ಅವನ ಜೊತೆ ಹೋದದ್ದು ಅವನ ಹೆಂಡತಿ. ನಾವು ಗೇಟಿನ ಹೊರಗೆ ಕಾಫಿ ಕುಡಿಯುತ್ತ ನಿಂತಿದ್ದೆವು. ಆಕೆ ಏನು ಹೇಳಿದಳೋ ನಮಗೆ ತಿಳಿಯದು. ಅಂಕಿ ಇಪ್ಪತ್ತೆಂಟು ಬಂತು. ಮೇಲಿನ ಉದಾಹರಣೆಯ ಲೆಕ್ಕದಲ್ಲಿ ಹದಿನಾರು ಅಂಕಿಯ ವ್ಯತ್ಯಾಸವೆಂದರೆ 2,12,000 ರೂಪಾಯಿಗೂ ಮೇಲೆ. ಕಾಲು ಮೊದಲಿನಂತಾಗಲಿಲ್ಲ. ಈಗ ಅವನು ಅಂಗಳದಲ್ಲಿ ಅಡಿಕೆ ಹರವಿ ಒಣಗಿಸುವುದನ್ನು ನೋಡಿಕೊಳ್ಳುತ್ತಾನೆ. ಮರದ ಕಡೆ ತಲೆಯೆತ್ತಿ ನೋಡುವುದಿಲ್ಲ.

ಆ ಹಣ ನಮ್ಮ ಪಾಲಿಸಿಯಿಂದ ಬಂತು. ಪಾಲಿಸಿ ಇಲ್ಲದಿದ್ದಲ್ಲಿ ನಮ್ಮ ಕೈಯಿಂದಲೇ ಹೋಗಬೇಕಾಗಿತ್ತು. ಆಗಲೂ ನಾವು ಹಾಗೆಯೇ ನಡೆದುಕೊಳ್ಳುತ್ತಿದ್ದೆವೇ ಎಂದು ಕೇಳಿಕೊಂಡರೆ ಉತ್ತರ ಸುಲಭವಲ್ಲ. ಆದುದರಿಂದಲೇ ಹೇಳುತ್ತೇವೆ: ಮರ ಹತ್ತಿಸುವವರೆಲ್ಲರೂ ಹಂಗಾಮಿನ ಮೊದಲೇ ಪಾಲಿಸಿ ಮಾಡಿಸಿರಿ. ಹಾಜರಿ ಪುಸ್ತಕ, ಕೂಲಿಯ ಲೆಕ್ಕ ಸರಿಯಾಗಿಡಿರಿ. ಅಪಘಾತವಾದ ದಿನವೇ ಬರಹದಲ್ಲಿ ದಾಖಲಿಸಿರಿ. ಗುತ್ತಿಗೆಗೆ ಕೊಟ್ಟೆವೆಂದ ಮಾತ್ರಕ್ಕೆ ಜವಾಬ್ದಾರಿ ತಪ್ಪಿತೆಂದು ತಿಳಿಯಬೇಡಿ.

ನೆಲದಿಂದಲೇ ಔಷಧಿ ಹೊಡೆಯುವ, ಕೊನೆ ಇಳಿಸುವ ಹಗುರ ದೋಟಿಗಳು ಈಗ ಬಂದಿವೆ. ಅವು ಎಲ್ಲ ತೋಟಕ್ಕೂ ತಲುಪಿ ಈ ಲೇಖನದ ಅಗತ್ಯವೇ ಇಲ್ಲದಂತಾಗಲಿ. ಅಲ್ಲಿಯವರೆಗೆ, ಪರೀಕ್ಷೆಗೆ ಕರೆ ಬಂದ ಸದಸ್ಯರಾಗಲಿ ಅವರ ಕೆಲಸದವರಾಗಲಿ ಹೋಗುವ ಒಂದು ವಾರ ಮುಂಚೆ ಕಾಗದಗಳ ಸಮೇತ ಸಂಘದ ಕಛೇರಿಗೆ ಬಂದರೆ, ಕುಳಿತು ಜೋಡಿಸಿಕೊಡಲು ನಾವು ಸಿದ್ಧರಿದ್ದೇವೆ.

— ಕಾರ್ಯದರ್ಶಿ